ಕೈಯಾರೆ ಕಟ್ಟುವ ಸ್ಪೋರ್ಟ್ಸ್ ಕಾರು: ಓದುಗರ ಪ್ರಶ್ನೆ, ಮಾಸ್ಟ್ರ ಉತ್ತರ

ಕಳೆದ ಸಂಚಿಕೆಯಲ್ಲಿ ಹಳೆಯ ಜೀಪಿನ ಚಾಸಿ, ಅಂದರೆ ಅಡಿಯ ಚೌಕಟ್ಟಿನ ರಿಪೇರಿಯ ಬಗ್ಗೆ ಬರೆಯುತ್ತಾ, ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವವರೂ ಜಗತ್ತಿನಲ್ಲಿದ್ದಾರೆ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಹೆಚ್ಚಿನವು ಕಾಸರಗೋಡಿನ ಕನ್ನಡಿಗರವು. ನನ್ನ ವರ್ಕ್‌ಶಾಪ್ ಬದಿಯಡ್ಕದಲ್ಲೇ ಇರುವುದರಿಂದ ಕೆಲವರು ಪತ್ರವನ್ನು ಕೈಯಲ್ಲೇ ಕೊಟ್ಟು, ಅರ್ಧ ಗಂಟೆ ಮಾತನಾಡಿ ಹೋದರು. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತನಾದ ನನಗೆ ಇಂಥ ಪ್ರಶ್ನೆಗಳಿಗಿಂತ ದೊಡ್ಡ ಸಂತೋಷವಿಲ್ಲ. ಆದರೆ ಬಂದ ಪತ್ರಗಳಲ್ಲಿ ಕಾರಿನ ಮೈ, ಬಣ್ಣ, ಎಂಜಿನ್ ಎಲ್ಲವೂ ಇದ್ದವು. ಬ್ರೇಕಿನ ಬಗ್ಗೆ ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಪ್ರಶ್ನೆ: ನನ್ನ ತಮ್ಮ ದುಬೈಯಲ್ಲಿದ್ದಾನೆ. ಅವನ ಪರಿಚಿತರೊಬ್ಬರು ಕೋಬ್ರಾ ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ಪ್ರತಿರೂಪವನ್ನು ಕಿಟ್ ತರಿಸಿ ಕಟ್ಟಿದ್ದಾರಂತೆ. ಅಂಥದೇ ಕಿಟ್ ಊರಿಗೆ ತರಿಸಿ ನಾವಿಬ್ಬರೂ ಸೇರಿ ಕಟ್ಟಿದರೆ ಕೆಎಲ್ 14 ನಂಬರ್ ಸಿಗುತ್ತದೆಯೇ?
— ಪೆರ್ಲದ ಓದುಗರು

ಸಿಗುವುದಿಲ್ಲ. ನಿಮ್ಮ ತಮ್ಮ ಹಣ ಕಟ್ಟುವ ಮೊದಲೇ ಅವರಿಗೆ ಈ ಉತ್ತರವನ್ನು ಓದಿ ಹೇಳಿ.

ಕೋಬ್ರಾದ ಮೇಲೆ ಮನಸ್ಸು ಹೋಗುವುದು ಸಹಜ. ಮೂಲ ಕಾರೇ ಒಂದು ಜೋಡಣೆಯ ಕೆಲಸ. 1962ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ ಇಂಗ್ಲೆಂಡಿನ ಎಸಿ ಕಂಪನಿಯ ಏಸ್ ಎಂಬ ಹಗುರವಾದ ಕಾರಿಗೆ ಫೋರ್ಡಿನ ವಿ8 ಎಂಜಿನ್ ಕೂರಿಸಿದರು. ಅಂದು ತಯಾರಾದ ಕಾರುಗಳು ಹೆಚ್ಚುಕಡಿಮೆ ಒಂದು ಸಾವಿರ. ಇಂದು ರಸ್ತೆಯಲ್ಲಿ ಕಾಣುವ ಕೋಬ್ರಾಗಳಲ್ಲಿ ಬಹುಪಾಲು ಪ್ರತಿರೂಪಗಳೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1995ರಲ್ಲಿ ಶುರುವಾದ ಫ್ಯಾಕ್ಟರಿ ಫೈವ್‌ನಂಥ ಕಂಪನಿಗಳು ಪೈಪಿನ ಚಾಸಿ, ಫೈಬರ್ ಮೈ, ಅಲ್ಯೂಮಿನಿಯಂ ತಗಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸುತ್ತವೆ. ಎಂಜಿನ್, ಗೇರ್‌ಬಾಕ್ಸ್, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ಗಳನ್ನು ಕಟ್ಟುವವರು ಹಳೆಯ ಫೋರ್ಡ್ ಮಸ್ಟಾಂಗ್‌ನಿಂದ ಬಿಚ್ಚಿಕೊಳ್ಳುವುದು ರೂಢಿ. ಪೆರ್ಲದಲ್ಲಿ ಕುಳಿತು ಮಸ್ಟಾಂಗ್ ಎಲ್ಲಿ ಹುಡುಕುತ್ತೀರಿ?

ಅಲ್ಲಿ ನಡೆಯುವುದು ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿಯಬೇಕು. ಬ್ರಿಟನ್ನಿನಲ್ಲಿ ಕಿಟ್ ಕಾರು ಬೆಳೆದದ್ದೇ ತೆರಿಗೆಯಿಂದಾಗಿ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಹೊರತಂದಾಗ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಜನ ಪೆಟ್ಟಿಗೆ ತಂದು ಮನೆಯ ಶೆಡ್ಡಿನಲ್ಲಿ ಕಟ್ಟಿದರು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅವರು ಇಂದಿಗೂ ಆ ಕಾರನ್ನು ಕಿಟ್ ರೂಪದಲ್ಲಿ ಮಾರುತ್ತಾರೆ. ತೆರಿಗೆಯ ಲಾಭ ಹೋದರೂ ಹವ್ಯಾಸ ಉಳಿಯಲು ಒಂದು ಕಾರಣವಿದೆ: ಅಲ್ಲಿ ನೀವು ಕಟ್ಟಿದ ಆ ಒಂದೇ ಕಾರನ್ನು ಸರ್ಕಾರಿ ಪರೀಕ್ಷಕರು ಬ್ರೇಕ್, ದೀಪ, ಹೊಗೆ, ಚೂಪಾದ ಅಂಚು ಎಲ್ಲವನ್ನೂ ನೋಡಿ ಪಾಸು ಮಾಡುವ ವ್ಯವಸ್ಥೆ ಇದೆ.

ನಮ್ಮಲ್ಲಿ ಪರೀಕ್ಷೆ ನಡೆಯುವುದು ಮಾದರಿಗೆ, ಬಿಡಿ ಕಾರಿಗೆ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ಮೂಲ ಮಾದರಿಯನ್ನು ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಅದು ಕಾರ್ಖಾನೆಗಳಿಗಾಗಿ ಮಾಡಿದ ದಾರಿ, ಅಣ್ಣತಮ್ಮಂದಿರ ಅಂಗಳಕ್ಕಾಗಿ ಅಲ್ಲ. ಒಬ್ಬ ಹವ್ಯಾಸಿಯ ಕಾರನ್ನು ಪರೀಕ್ಷಿಸಿ ನಂಬರ್ ಕೊಡುವ ಸರಳ ವ್ಯವಸ್ಥೆ ನಮ್ಮ ದೇಶಕ್ಕೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರುವವರೆಗೆ ಇರುವ ಕಾನೂನಿನಂತೆ ನಡೆಯಬೇಕು.

ಪ್ರಶ್ನೆ: ಮಾಸ್ಟ್ರೇ, ನಾನು ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿ. ಅಜ್ಜನ ಮಾರುತಿ 800 ಕೊಟ್ಟಿಗೆಯ ಪಕ್ಕದಲ್ಲಿ ತುಕ್ಕು ಹಿಡಿಯುತ್ತಿದೆ, ಎಂಜಿನ್ ಚೆನ್ನಾಗಿದೆ. ಅದನ್ನು ಸೀಟಿನ ಹಿಂದೆ ಇಟ್ಟು ಎರಡು ಆಸನದ ಸ್ಪೋರ್ಟ್ಸ್ ಕಾರು ಮಾಡಬಹುದೇ? ಆರ್‌ಸಿ ಇನ್ನೂ ಜೀವಂತ ಇದೆ.
— ಮುಳ್ಳೇರಿಯದ ಓದುಗ

ಮೊದಲು ಆರ್‌ಸಿಯ ವಿಷಯ. ಹಳೆಯ ಆರ್‌ಸಿ ಇಟ್ಟುಕೊಂಡು ಹೊಸ ಕಾರನ್ನು ರಸ್ತೆಗೆ ಇಳಿಸುವ ಆಲೋಚನೆ ಇದ್ದರೆ ಇಂದೇ ಬಿಡು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಮೊಕದ್ದಮೆ ಹೋದದ್ದು ನಮ್ಮ ಕೇರಳ ಹೈಕೋರ್ಟಿನಿಂದಲೇ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಕಾರನ್ನು ಪೂರ್ತಿ ಬಿಚ್ಚುವ ತೀರ್ಮಾನ ಮಾಡಿದ ಮೇಲೆ ಅಜ್ಜನಿಂದ ಆರ್‌ಟಿಒ ಕಚೇರಿಗೆ ಬರೆದು ಆರ್‌ಸಿ ಒಪ್ಪಿಸಿಬಿಡು. 55ನೇ ಕಲಮು ಅದಕ್ಕೆ 14 ದಿನ ಎನ್ನುತ್ತದೆ.

ಇನ್ನು ಕೆಲಸ. ನಿನ್ನ ಆಯ್ಕೆ ಒಳ್ಳೆಯದು. ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ 796 ಸಿಸಿ ಎಂಜಿನ್ನನ್ನು ಚಾಲಕನ ಹಿಂದೆ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದರು; ಅನೇಕ ಹುಡುಗರು ರೇಸ್ ಕಲಿತದ್ದು ಅವುಗಳಲ್ಲಿ. 800ರಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಮೂರೂ ಅಡ್ಡಲಾಗಿ ಒಂದೇ ಗಂಟಾಗಿ ಕೂತಿವೆ. ಆ ಗಂಟನ್ನು ಎತ್ತಿ ಹಿಂದಕ್ಕೆ ಇಡುವಾಗ ಮೂತಿ ಯಾವ ಕಡೆಗಿತ್ತೋ ಅದೇ ಕಡೆಗಿರಲಿ. ಜಾಗ ಸಾಲದೆಂದು ತಿರುಗಿಸಿ ಇಟ್ಟರೆ ಮುಂದಕ್ಕೆ ಹೋಗಲು ಒಂದೇ ಗೇರ್, ಹಿಂದಕ್ಕೆ ಹೋಗಲು ನಾಲ್ಕು ಸಿಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಟೈ ರಾಡ್, ಅಂದರೆ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ. 800ರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು; ಗಂಟಿನ ಜೊತೆ ಆ ಚಕ್ರಗಳ ಜೋಡಣೆಯನ್ನೂ ಹಿಂದೆ ತಂದಾಗ ಅದು ಸ್ಟಿಯರಿಂಗ್‌ಗೆ ತಿರುಗುವ ಚಕ್ರ ಎಂಬುದನ್ನು ಮರೆಯಬೇಡ. ಸ್ಟಿಯರಿಂಗ್ ರ್‍ಯಾಕ್ ತೆಗೆದ ಮೇಲೆ ಟೈ ರಾಡಿನ ಒಳತುದಿಯನ್ನು ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಬೇಕು. ಸಿಕ್ಕಿದ ಕಡೆಗೆ ಅಲ್ಲ. ಟೈ ರಾಡ್, ಚಕ್ರವನ್ನು ಕೆಳಗಿನಿಂದ ಚಾಸಿಗೆ ಹಿಡಿಯುವ ಲೋವರ್ ಆರ್ಮ್‌ಗೆ ಸಮಾನಾಂತರವಾಗಿ, ಸಾಧ್ಯವಾದಷ್ಟು ಅಷ್ಟೇ ಉದ್ದವಾಗಿ ಇರಬೇಕು. ಇಲ್ಲದಿದ್ದರೆ ಪ್ರತಿ ಹೊಂಡಕ್ಕೂ ಹಿಂದಿನ ಚಕ್ರ ತಾನಾಗಿ ಒಳಹೊರಗೆ ತಿರುಗುತ್ತದೆ, ತಿರುವಿನಲ್ಲಿ ಕಾರು ನಿನ್ನ ಮಾತು ಕೇಳುವುದಿಲ್ಲ. ಸ್ಪ್ರಿಂಗ್ ತೆಗೆದು ಚಕ್ರವನ್ನು ಜ್ಯಾಕಿನಿಂದ ಮೇಲೆ ಕೆಳಗೆ ಮಾಡಿ, ಚಕ್ರಕ್ಕೆ ಕಟ್ಟಿದ ನೇರವಾದ ಪಟ್ಟಿಯ ಎರಡು ತುದಿಗಳಿಂದ ನೂಲಿಗೆ ಇರುವ ದೂರವನ್ನು ಅಳೆದು ಬರೆದುಕೋ. ಎರಡೂ ಅಳತೆ ಸಮನಾಗಿ ಬದಲಾದರೆ ಜೋಡಣೆ ಸರಿ.

ಮುಂದಿನ ಚಕ್ರಗಳಿಗೆ ಗುಜರಿಯಿಂದ ಇನ್ನೊಂದು 800ರ ಮುಂಭಾಗದ ಜೋಡಣೆ ತರಬೇಕಾಗುತ್ತದೆ. ಆಗ ನಾಲ್ಕೂ ಕಡೆ ಒಂದೇ ಅಳತೆಯ ಡಿಸ್ಕ್ ಬ್ರೇಕ್ ಆಗುತ್ತದೆ. ಕೇಳಲು ಚೆನ್ನಾಗಿದೆ, ಅಪಾಯವೂ ಅಲ್ಲೇ ಇದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಹಿಂದಕ್ಕೆ ಹೋಗುವ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿ, ಖಾಲಿ ಅಂಗಳದಲ್ಲಿ ನಿಧಾನ ವೇಗದಲ್ಲಿ ಪದೇ ಪದೇ ಪರೀಕ್ಷಿಸಿ, ಮುಂದಿನವೇ ಮೊದಲು ಲಾಕ್ ಆಗುವಂತೆ ಹೊಂದಿಸು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ದೂಡುವ ಮಾಸ್ಟರ್ ಸಿಲಿಂಡರ್ ಎರಡು ಸರ್ಕ್ಯೂಟಿನದೇ ಇರಲಿ: ಒಂದು ಪೈಪು ಒಡೆದರೂ ಇನ್ನೊಂದು ಕೆಲಸ ಮಾಡಬೇಕು. ಪೆಡಲಿನ ಬಲ ಹೆಚ್ಚಿಸುವ ಬೂಸ್ಟರ್ ಇಟ್ಟುಕೊಳ್ಳುವುದಾದರೆ ಅದಕ್ಕೆ ವ್ಯಾಕ್ಯೂಮ್ ಬರುವುದು ಎಂಜಿನ್ನಿನಿಂದ. ಎಂಜಿನ್ ಹಿಂದೆ ಹೋದಾಗ ಆ ಹೋಸ್ ಉದ್ದವಾಗುತ್ತದೆ, ಒಳಕ್ಕೆ ಕುಸಿಯದ ಗಟ್ಟಿ ಹೋಸ್ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು.

ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಆದಾಗ ನೀರಿನ ಪೈಪಿನಲ್ಲಿ ಗಾಳಿ ನಿಲ್ಲುತ್ತದೆ. ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಇಡು. ಗೇರ್ ರಾಡ್ ಬದಲು ಕೇಬಲ್ ಬಳಸುವುದು ಸುಲಭ.

ಪ್ರಶ್ನೆ: ಮನೆಯಲ್ಲಿ ಆರ್ಕ್ ವೆಲ್ಡಿಂಗ್ ಮೆಷಿನ್ ಇದೆ. ತೋಟದ ಶೆಡ್ಡಿಗೆ ತಂದ ಜಿಐ ಪೈಪು ಉಳಿದಿದೆ. ಚಾಸಿಗೆ ಅದು ಸಾಕೇ?
— ಬಂದಡ್ಕದ ಓದುಗರು

ಮೆಷಿನ್ ಸಾಕು, ಪೈಪು ಬೇಡ. ಜಿಐ ಪೈಪಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯಲ್ಲೂ ತೂತುಗಳು ಉಳಿಯುತ್ತವೆ.

ಲೋಟಸ್ ಸೆವೆನ್ ಮಾದರಿಯನ್ನು ಮನೆಯಲ್ಲಿ ಕಟ್ಟುವ ಬ್ರಿಟನ್ನಿನ ಹವ್ಯಾಸಿಗಳು ಬಳಸುವುದು 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಸಾದಾ ಕಬ್ಬಿಣದ ಪೈಪು. ಇಆರ್‌ಡಬ್ಲ್ಯೂ ಸ್ಕ್ವೇರ್ ಪೈಪು ಎಂದು ಕೇಳಿದರೆ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಸಿಗುತ್ತದೆ. ಇಷ್ಟು ತೆಳುವಾದ ಪೈಪಿಗೆ ಗೇಟು ಮಾಡುವವರ ದಪ್ಪ ರಾಡ್ ಹಾಕಿದರೆ ತೂತು ಬೀಳುತ್ತದೆ. 2 ಮಿ.ಮೀ. ರಾಡ್, ಕಡಿಮೆ ಆಂಪಿಯರ್. ಇನ್ವರ್ಟರ್ ಮೆಷಿನ್ ಆದರೆ ಇನ್ನೂ ಉತ್ತಮ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಮುಖ್ಯ ಬೆಸುಗೆಗಳನ್ನು ಹಗಲಲ್ಲೇ ಮುಗಿಸಿ. ಕೈ ಕುದುರದವರು ಇಡೀ ಚಾಸಿಗೆ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಮಾತ್ರ ಹಾಕಿ, ಪೂರ್ತಿ ಬೆಸುಗೆಯನ್ನು ತಂತಿ ತಾನಾಗಿ ಹರಿದುಬರುವ ಮಿಗ್ ಮೆಷಿನ್ ಇರುವ ವೆಲ್ಡರನ್ನು ಕರೆಸಿ ಮಾಡಿಸಬಹುದು. ಅದರಲ್ಲಿ ಏನೂ ಕೊರತೆಯಿಲ್ಲ.

ಟ್ಯಾಕ್ ಹಾಕುವಾಗಿನ ಶಿಸ್ತೇ ಚಾಸಿಯ ಹಣೆಬರಹ. ನೆಲ ಸಮತಟ್ಟಾಗಿರುವುದಿಲ್ಲ, ಸಿಮೆಂಟಿನ ಅಂಗಳವೂ ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ. ಆದ್ದರಿಂದ ಕಬ್ಬಿಣದ ಚೌಕಟ್ಟಿನ ಮೇಜೊಂದನ್ನು ಲೆವೆಲ್ ಮಾಡಿಕೊಳ್ಳಿ. ಪ್ರತಿ ಚೌಕದ ಎರಡೂ ಕರ್ಣಗಳನ್ನು ಅಳೆಯಿರಿ; ಅವು ಸಮವಾಗದೆ ಮುಂದಿನ ಪೈಪು ಕತ್ತರಿಸಬೇಡಿ. ಪೂರ್ತಿ ಬೆಸುಗೆಯನ್ನು ಒಂದೇ ಮೂಲೆಯಲ್ಲಿ ಮುಗಿಸುತ್ತಾ ಹೋದರೆ ಬಿಸಿ ಎಳೆದು ಚಾಸಿ ತಿರುಚಿಕೊಳ್ಳುತ್ತದೆ. ಎಡದಲ್ಲಿ ಒಂದು, ಬಲದಲ್ಲಿ ಒಂದು, ಮುಂದೆ, ಹಿಂದೆ, ಹೀಗೆ ಹಂಚಿ ಹಾಕಿ. ಅಡ್ಡಪಟ್ಟಿ ಇಲ್ಲದ ಚೌಕ ಕೀಲು ಸಡಿಲಿಸಿದ ಹಳೆಯ ಬೆಂಚಿನಂತೆ ಪಕ್ಕಕ್ಕೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಓರೆ ಪೈಪು ಕೊಡಿ. ಕೊನೆಗೆ ತೆರೆದ ಪೈಪಿನ ಬಾಯಿಗಳನ್ನೆಲ್ಲ ತಗಡಿನಿಂದ ಮುಚ್ಚಿ ಬೆಸೆಯಿರಿ. ಕಡಲ ಗಾಳಿಯ ನಾಡಿನಲ್ಲಿ ಚಾಸಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಕಾರಿನ ಮೈಯನ್ನು ಫೈಬರ್‌ನಲ್ಲಿ ನಾವೇ ಮಾಡಬಹುದೇ? ಥರ್ಮೊಕೋಲ್‌ನಲ್ಲಿ ಆಕಾರ ಕೆತ್ತಿ ಅದರ ಮೇಲೆ ರೆಸಿನ್ ಹಚ್ಚುವ ಯೋಚನೆ ಇದೆ. ಮಳೆಗಾಲದಲ್ಲಿ ಬಿಡುವು ಹೆಚ್ಚು.
— ಉಪ್ಪಳದ ಓದುಗರು

ನೀವು ಕಡಲ ಬದಿಯವರು. ಈ ವಿದ್ಯೆ ನಿಮ್ಮ ಕೈಗೆಟುಕುವಲ್ಲೇ ಇದೆ. ಮಂಜೇಶ್ವರದಿಂದ ದಕ್ಷಿಣಕ್ಕೆ ನಮ್ಮ ಕರಾವಳಿಯುದ್ದಕ್ಕೂ ಮೀನುಗಾರರ ದೋಣಿಗಳು ಇಂದು ಹೆಚ್ಚಾಗಿ ಫೈಬರ್‌ನವೇ. ಅಂಥ ದೋಣಿ ಮಾಡುವ, ರಿಪೇರಿ ಮಾಡುವ ಕೆಲಸಗಾರರ ಜೊತೆ ಕೆಲವು ದಿನ ನಿಂತು ನೋಡಿ. ಗಾಜಿನ ನೂಲಿನ ಮ್ಯಾಟ್ ಹಾಸುವುದು, ಅದಕ್ಕೆ ಆಮೇಲೆ ಗಟ್ಟಿಯಾಗುವ ಅಂಟುದ್ರವವಾದ ರೆಸಿನ್ ಕುಡಿಸುವುದು, ರೋಲರ್ ಉಜ್ಜಿ ಗಾಳಿಗುಳ್ಳೆ ತೆಗೆಯುವುದು ಇವನ್ನೆಲ್ಲ ಓದಿ ಕಲಿಯುವುದಕ್ಕಿಂತ ಅವರ ಕೈ ನೋಡಿ ಕಲಿಯಬೇಕು. ಅವರನ್ನು ಗುರುಗಳೆಂದು ತಿಳಿದು, ಕೂಲಿ ಕೊಟ್ಟು ಕಲಿಯಿರಿ.

ಥರ್ಮೊಕೋಲ್ ಮೇಲೆ ನೇರವಾಗಿ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ನಿಮ್ಮ ಕೆತ್ತನೆ ಕಣ್ಣೆದುರೇ ಕರಗಿಹೋಗುತ್ತದೆ, ಏಕೆಂದರೆ ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕರಗಿಸುತ್ತದೆ. ಪಾಲಿಯುರೇಥೇನ್ ಫೋಮ್ ಕರಗುವುದಿಲ್ಲ. ಮರದ ಪಟ್ಟಿ ಮತ್ತು ಪ್ಲಾಸ್ಟರ್‌ನಲ್ಲೂ ಆಕಾರ ಮಾಡಬಹುದು. ಆ ಮೂಲ ಆಕಾರಕ್ಕೆ ನುಣುಪು ಕೊಡುವುದೇ ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವ ಭಾಗ. ಅದರ ಮೇಲಿನ ಒಂದು ಗೀರು ಅಚ್ಚಿಗೆ ಬರುತ್ತದೆ, ಅಚ್ಚಿನಿಂದ ಮೈಗೆ ಬರುತ್ತದೆ. ಹಲವು ಪದರ ಮೇಣ ಉಜ್ಜಿ, ಅಚ್ಚು ತೆಗೆದು, ಅಚ್ಚಿನೊಳಗೆ ಅರ್ಧ ಮಿಲಿಮೀಟರಿನಷ್ಟು ಜೆಲ್‌ಕೋಟ್ ಎಂಬ ಹೊರಮೈಯ ನುಣುಪು ರೆಸಿನ್ ಪದರ, ಅದರ ಮೇಲೆ ಮ್ಯಾಟ್. ಜೆಲ್‌ಕೋಟ್ ತೆಳುವಾದರೆ ಅಥವಾ ಸರಿಯಾಗಿ ಗಟ್ಟಿಯಾಗುವ ಮೊದಲೇ ಮ್ಯಾಟ್ ಹಾಕಿದರೆ ಮೈ ಸುಕ್ಕುಗಟ್ಟುತ್ತದೆ.

ಮಳೆಗಾಲದಲ್ಲಿ ಮಾತ್ರ ಬೇಡ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಮ್ಯಾಟ್ ತೇವ ಹೀರುತ್ತದೆ, ರೆಸಿನ್ ಸರಿಯಾಗಿ ಅಂಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲ ಆಕಾರ ಕೆತ್ತಿ, ಡಿಸೆಂಬರ್ ಬಂದ ಮೇಲೆ ಫೈಬರ್ ಹಾಕಿ. ಮ್ಯಾಟಿನ ಸುರುಳಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಣಕೋಣೆಯಲ್ಲಿಡಿ. ಅಡಿಕೆ ಒಣಗಿಸುವ ಬೆಂಕಿಯ ಗೂಡಿನ ಹತ್ತಿರ ರೆಸಿನ್ ಡಬ್ಬ ಸುಳಿಯಲೂ ಬಾರದು.

ಇನ್ನೊಂದು ಎಚ್ಚರಿಕೆಯನ್ನು ಗೋಡೆಯ ಮೇಲೆ ಬರೆದು ಹಾಕಿ. ರೆಸಿನ್ ಗಟ್ಟಿಯಾಗಲೆಂದು ಸೇರಿಸುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕ್ಯಾಟಲಿಸ್ಟ್ ತೂಕದಲ್ಲಿ ನೂರಕ್ಕೆ 1ರಿಂದ 2 ಭಾಗ ಸಾಕು. ಅದು ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು, ಕನ್ನಡಕ ಕಡ್ಡಾಯ.

ಪ್ರಶ್ನೆ: ಕಟ್ಟಿದ ಕಾರಿನ ಮೂತಿಗೆ ಫೆರಾರಿಯ ಕುದುರೆ ಲಾಂಛನ ಅಂಟಿಸಬಹುದೇ?
— ಕುಂಬಳೆಯ ಓದುಗ

ಬೇಡ. ಅದು ನೋಂದಾಯಿತ ಗುರುತು. ಲಾಂಛನ ಅಂಟಿಸಿದ ಕ್ಷಣಕ್ಕೆ ಪ್ರತಿರೂಪ ನಕಲಿಯಾಗುತ್ತದೆ. ಬೆಸುಗೆ ಹಾಕಿದ್ದು ನೀವು, ಮೂತಿಯ ಮೇಲೆ ನಿಮ್ಮ ಮನೆಯ ಹೆಸರು ಬರೆಯಿರಿ.

ಪ್ರಶ್ನೆ: ಅಣ್ಣಾ, ನಮ್ಮ ಯಜಮಾನರೂ ಮಗನೂ ಅಡಿಕೆ ಅಂಗಳದಲ್ಲಿ ಕಾರು ಕಟ್ಟಲು ಹೊರಟಿದ್ದಾರೆ. ಸಂತೋಷವೇ, ಆದರೆ ಭಯ. ನಾನು ಏನನ್ನು ಗಮನಿಸಬೇಕು?
— ನೀರ್ಚಾಲಿನ ಓದುಗಿ

ತಂಗೀ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಮೂರು ವಿಷಯಗಳಲ್ಲಿ ನೀವು ಕಟ್ಟುನಿಟ್ಟಾಗಿ ನಿಲ್ಲಿ. ಕಾರನ್ನು ಎತ್ತಿದ ಮೇಲೆ ಅದು ಕಬ್ಬಿಣದ ಜ್ಯಾಕ್ ಸ್ಟ್ಯಾಂಡಿನ ಮೇಲೆ ನಿಂತಿರಬೇಕು. ನಮ್ಮ ಕಡೆ ಕೈಗೆ ಸಿಗುವುದು ಮುರಕಲ್ಲು. ಗೋಡೆಗೆ ಅದು ಭದ್ರ, ಆದರೆ ಕಾರಿನ ಭಾರ ಒಂದು ಬಿಂದುವಿನಲ್ಲಿ ಬಿದ್ದರೆ ಒಡೆದು ಪುಡಿಯಾಗುತ್ತದೆ. ಮುರಕಲ್ಲಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗದಂತೆ ನೋಡಿಕೊಳ್ಳಿ. ಎರಡನೆಯದಾಗಿ, ಪೆಟ್ರೋಲ್ ಟ್ಯಾಂಕ್ ಇರುವ ಕಾರಿನ ಮೇಲೆ ವೆಲ್ಡಿಂಗ್ ನಡೆಯಬಾರದು. ಖಾಲಿ ಟ್ಯಾಂಕ್ ಇನ್ನೂ ಅಪಾಯ, ಒಳಗೆ ಆವಿ ತುಂಬಿರುತ್ತದೆ. ಟ್ಯಾಂಕನ್ನು ಬಿಚ್ಚಿ ದೂರವಿಡಿಸಿ. ಮೂರನೆಯದಾಗಿ, ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಅಂಗಳಕ್ಕೆ ಬರುವವರೆಗೆ ಕೆಲಸ ಶುರುವಾಗಬಾರದು. ಒಣಸೋಗೆ, ಅಡಿಕೆ ಸಿಪ್ಪೆ ಇರುವ ಅಂಗಳದಲ್ಲಿ ಒಂದು ಕಿಡಿ ಸಾಕು. ವೆಲ್ಡಿಂಗ್ ನಿಂತ ಮೇಲೂ ಅರ್ಧ ಗಂಟೆ ಯಾರಾದರೂ ಅಲ್ಲೇ ಇರಲಿ.

ಅಡಿಕೆ ಒಣಗಿಸುವ ಕಾಲಕ್ಕೆ ಅಂಗಳ ಖಾಲಿ ಮಾಡಿಕೊಡಬೇಕೆಂಬ ಕರಾರನ್ನೂ ಈಗಲೇ ಮಾಡಿಕೊಳ್ಳಿ. ಚಾಸಿಯ ಅಡಿಗೆ ಗಾಲಿಯಿರುವ ಚೌಕಟ್ಟು ಮಾಡಿಸಿದರೆ ಇಬ್ಬರೇ ದೂಡಿ ಬದಿಗಿಡಬಹುದು.

ಪ್ರಶ್ನೆ: ರಸ್ತೆಗೆ ಇಳಿಸಲಾಗದ ಕಾರನ್ನು ಎಲ್ಲಿ ಓಡಿಸುವುದು?
— ಹೊಸಂಗಡಿಯ ಓದುಗರು

ನೋಂದಣಿ ಇಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಅಥವಾ ಬೇರೆ ಯಾವುದೇ ಸ್ಥಳದಲ್ಲಿ ಓಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 39ನೇ ಕಲಮು ಹೇಳುತ್ತದೆ. ಆದರೆ ಅದೇ ಕಾಯ್ದೆಯ 2(28)ನೇ ಕಲಮು, ಕಾರ್ಖಾನೆ ಅಥವಾ ಸುತ್ತುವರಿದ ಆವರಣದಲ್ಲಿ ಮಾತ್ರ ಬಳಸಲು ಹೊಂದಿಸಿದ ವಿಶೇಷ ಬಗೆಯ ವಾಹನವನ್ನು ಮೋಟಾರು ವಾಹನದ ವ್ಯಾಖ್ಯೆಯಿಂದಲೇ ಹೊರಗಿಡುತ್ತದೆ. ಆದ್ದರಿಂದ ನಿಮ್ಮ ಕಾರನ್ನು ಮೊದಲ ದಿನದಿಂದಲೇ ಟ್ರ್ಯಾಕ್ ಕಾರೆಂದು ಯೋಚಿಸಿ ಕಟ್ಟಿ. ಗೇಟು ಹಾಕಿದ ಸ್ವಂತ ಆವರಣ ಬೇರೆ. ಪಂಚಾಯತ್ ರಸ್ತೆ, ಶಾಲೆಯ ಮೈದಾನ, ಜಾತ್ರೆ ನಡೆಯುವ ಗದ್ದೆ ಬೇರೆ.

ನಿಜವಾದ ಓಟಕ್ಕೆ ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮೇಲೆ ಹೇಳಿದ ಕರಿವರ್ಧನ್ ಅವರ ನೆನಪಿಗೆ ಇಟ್ಟ ಹೆಸರು, ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್. ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ತಾವೇ ಕಟ್ಟಿದ ಒಂಟಿ ಆಸನದ ಕಾರುಗಳನ್ನು ತರುವ ಫಾರ್ಮುಲಾ ಭಾರತ್ ಸ್ಪರ್ಧೆಯೂ ಅಲ್ಲೇ ನಡೆಯುತ್ತದೆ. ಕಾರನ್ನು ಕಟ್ಟುವ ಮೊದಲು ಆ ಸ್ಪರ್ಧೆಯನ್ನು ನೋಡಿ ಬನ್ನಿ. ಕಾರುಗಳನ್ನು ಹತ್ತಿರದಿಂದ ನೋಡಲು ಸಿಕ್ಕರೆ ಟೇಪು, ನೋಟ್‌ಪುಸ್ತಕ ಜೊತೆಗಿರಲಿ.

ಟ್ರ್ಯಾಕಿಗೆ ಕಾರನ್ನು ಲಾರಿಯಲ್ಲೋ ಟ್ರೇಲರಿನಲ್ಲೋ ಹೇರಿಕೊಂಡೇ ಹೋಗಬೇಕು. ಹೋಗುವ ಮೊದಲು ಟ್ರ್ಯಾಕಿನವರ ಬಳಿ ಅನುಮತಿ ಮತ್ತು ನಿಯಮಗಳನ್ನು ಬರಹದಲ್ಲಿ ಕೇಳಿಕೊಳ್ಳಿ. ಕಾರು ಮಗುಚಿದರೆ ತಲೆ ಕಾಯುವ, ತಲೆಯ ಹಿಂದೆ ತಲೆಗಿಂತ ಎತ್ತರದ ರೋಲ್ ಬಾರ್, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್, ಹೊರಗಿನಿಂದಲೂ ಎಳೆಯಬಹುದಾದ ಬ್ಯಾಟರಿ ಸ್ವಿಚ್, ಚಾಲಕನ ಕೈಗೆಟುಕುವ ಬೆಂಕಿ ಆರಿಸುವ ಸಿಲಿಂಡರ್, ಇವು ಯಾರು ಕೇಳಲಿ ಬಿಡಲಿ ಇರಲೇಬೇಕು. ರೋಲ್ ಬಾರಿನ ಪಾದಗಳು ಚಾಸಿಯ ಪೈಪುಗಳು ಕೂಡುವ ಗಂಟಿನ ಮೇಲೇ ನಿಲ್ಲಲಿ, ಪೈಪಿನ ನಡುಭಾಗದಲ್ಲಿ ಬೇಡ. ಇದನ್ನು ಮೊದಲ ನಕ್ಷೆಯಲ್ಲೇ ಗುರುತಿಸಿಕೊಳ್ಳಿ, ಮೈ ಕೂರಿಸಿದ ಮೇಲೆ ಜಾಗ ಸಿಗುವುದಿಲ್ಲ.